ಪಾದ, ಹರಡು (ಕಣಕಾಲು), ಮಂಡಿ ನೋವು: ಪರೀಕ್ಷೆ ಮತ್ತು ಸ್ಕ್ಯಾನ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲು ನೋವೆಂದು ಬರುವವರಲ್ಲಿ ಅನೇಕರು ಕುರ್ಚಿಯಲ್ಲಿ ಕೂರುವ ಮೊದಲೇ ದೊಡ್ಡ ಲಕೋಟೆಯೊಂದನ್ನು ಮೇಜಿನ ಮೇಲೆ ಇಡುತ್ತಾರೆ. ಎಕ್ಸ್‌ರೇ, ಎಂಆರ್‌ಐ ಫಿಲ್ಮ್, ವರದಿ ಎಲ್ಲವೂ ಅದರೊಳಗಿರುತ್ತವೆ. ಅದನ್ನು ಪಕ್ಕಕ್ಕಿಟ್ಟು ನಾನು ಮೊದಲು ಕೇಳುವುದು ಇಷ್ಟೇ: "ನೋವಿರುವ ಜಾಗವನ್ನು ಒಂದೇ ಬೆರಳಿನಿಂದ ತೋರಿಸಿ." ಕೆಲವರ ಬೆರಳು ಒಂದು ಚುಕ್ಕೆಯ ಮೇಲೆ ನಿಂತುಬಿಡುತ್ತದೆ. ಕೆಲವರದು ಅಂಗಾಲೆಲ್ಲ ಸುತ್ತಾಡುತ್ತದೆ. ಎರಡರಿಂದಲೂ ನನಗೆ ದಾರಿ ಸಿಗುತ್ತದೆ. ಸ್ಕ್ಯಾನ್ ಬೇಡವೆಂದು ನಾನು ಹೇಳುತ್ತಿಲ್ಲ. ಆ ಬೆರಳು ಎತ್ತಿದ ಪ್ರಶ್ನೆಗೆ ಉತ್ತರ ಹುಡುಕಲು ಸ್ಕ್ಯಾನ್ ಬೇಕು. ಪ್ರಶ್ನೆಯೇ ಇಲ್ಲದೆ ಮಾಡಿಸಿದ ಸ್ಕ್ಯಾನ್ ಅನೇಕರನ್ನು ವಿನಾಕಾರಣ ಹೆದರಿಸಿದೆ.

ನೇರವಾಗಿ ಎಂಆರ್‌ಐ ಮಾಡಿಸಿಬಿಟ್ಟರೆ ಎಲ್ಲವೂ ಒಮ್ಮೆಗೇ ತಿಳಿಯುವುದಿಲ್ಲವೇ?

ಒಳಗಿರುವುದನ್ನು ಎಂಆರ್‌ಐ ತೋರಿಸುತ್ತದೆ. ಅದರಲ್ಲಿ ನೋಯುತ್ತಿರುವುದು ಯಾವುದೆಂದು ಹೇಳುವುದಿಲ್ಲ. ಮಂಡಿಯನ್ನೇ ನೋಡಿ. ತೊಡೆಮೂಳೆಗೂ ಕೆಳಗಿನ ಮೂಳೆಗೂ ನಡುವೆ ಮೆನಿಸ್ಕಸ್ ಎಂಬ ಎರಡು ಮೆತ್ತೆಗಳಿವೆ. ಅಮೆರಿಕದಲ್ಲಿ 50 ವರ್ಷ ದಾಟಿದ ಸುಮಾರು ಸಾವಿರ ಜನರನ್ನು, ಅವರಿಗೆ ನೋವಿದೆಯೋ ಇಲ್ಲವೋ ಎಂದು ಆರಿಸದೆ, ಎಂಆರ್‌ಐಗೆ ಒಳಪಡಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಮೆನಿಸ್ಕಸ್ ಹರಿದಿದ್ದವರಲ್ಲಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವೂ ಇರಲಿಲ್ಲ, ಬಿಗಿತವೂ ಇರಲಿಲ್ಲ. ಕೂದಲು ನರೆತಂತೆ ಮೆತ್ತೆಯೂ ಸವೆಯುತ್ತದೆ. ಹೀಗಿರುವಾಗ 60 ವರ್ಷದವರೊಬ್ಬರ ವರದಿಯಲ್ಲಿ "ಮೆನಿಸ್ಕಸ್ ಹರಿದಿದೆ" ಎಂಬ ಸಾಲು ಕಂಡಕೂಡಲೇ ಅದನ್ನೇ ಅಪರಾಧಿಯೆಂದು ಹಿಡಿದರೆ, ನಿಜವಾದ ಕಾರಣ ಸೊಂಟದ ಕೀಲಿನಲ್ಲೋ ಬೆನ್ನಿನ ನರದಲ್ಲೋ ಉಳಿದುಬಿಡಬಹುದು.

ಚಿತ್ರದಲ್ಲಿ ಕಂಡ ದೋಷ, ಕೈಯಿಂದ ಒತ್ತಿದಾಗ ನೋಯುವ ಜಾಗ, ನೀವು ಹೇಳುವ ನೋವಿನ ಕಥೆ, ಈ ಮೂರೂ ಒಂದೇ ಕಡೆ ಬೆರಳು ಮಾಡಿದಾಗ ಮಾತ್ರ ರೋಗನಿರ್ಣಯ ಗಟ್ಟಿಯಾಗುತ್ತದೆ.

ಹಾಗಾದರೆ ಪರೀಕ್ಷೆಯಲ್ಲಿ ವೈದ್ಯರು ನೋಡುವುದೇನು?

ಒಂದು ಪಾದದಲ್ಲಿ 26 ಮೂಳೆಗಳು, 33 ಕೀಲುಗಳಿವೆ. ಇವನ್ನೆಲ್ಲ ಸ್ನಾಯುವನ್ನು ಮೂಳೆಗೆ ಸೇರಿಸುವ ಸ್ನಾಯುರಜ್ಜುಗಳೂ ಮೂಳೆಯನ್ನು ಮೂಳೆಗೆ ಸೇರಿಸುವ ಅಸ್ಥಿರಜ್ಜುಗಳೂ ಬಿಗಿದು ಕಟ್ಟಿವೆ. ಚರ್ಮದ ಕೆಳಗೆ ಕೊಬ್ಬು ಕಡಿಮೆಯಿರುವುದರಿಂದ ಇವುಗಳಲ್ಲಿ ಬಹುಪಾಲನ್ನು ಬೆರಳಿನಿಂದಲೇ ಮುಟ್ಟಿ ಗುರುತಿಸಬಹುದು. ಬೆನ್ನುಮೂಳೆಯ ವಿಷಯದಲ್ಲಿ ಈ ಅನುಕೂಲವಿಲ್ಲ. ಪಾದ ನೋಡುವವರಿಗೆ ಇದು ದೊಡ್ಡ ವರ.

ಮೊದಲು ಕಥೆ ಕೇಳಬೇಕು. ನೋವು ಒಂದೇ ಕ್ಷಣದಲ್ಲಿ ಬಂತೇ, ದಿನೇ ದಿನೇ ಏರಿತೇ? ಬೆಳಗಿನ ಮೊದಲ ಹೆಜ್ಜೆಗೆ ಹೆಚ್ಚೋ, ಸಂಜೆಗೆ ಹೆಚ್ಚೋ? ರಾತ್ರಿ ಮಲಗಿದಾಗಲೂ ಎಬ್ಬಿಸುತ್ತದೆಯೇ? ಹೊಸ ಶೂ, ಹೊಸ ಓಟ, ಹೊಸ ಕೆಲಸ ಏನಾದರೂ ಶುರುವಾಯಿತೇ?

ಬಳಿಕ ಬರಿಗಾಲಿನಲ್ಲಿ, ಮಂಡಿಯವರೆಗೆ ಬಟ್ಟೆ ಮಡಚಿ ನಿಲ್ಲಿಸಿ ಹಿಂದಿನಿಂದ ನೋಡಬೇಕು. ಹಿಮ್ಮಡಿ ಹೊರಕ್ಕೆ ವಾಲಿದೆಯೇ? ಹಿಂದೆ ನಿಂತಾಗ ಹೊರಬದಿಯಲ್ಲಿ ಒಂದೆರಡು ಬೆರಳಿಗಿಂತ ಹೆಚ್ಚು ಬೆರಳುಗಳು ಇಣುಕುತ್ತಿವೆಯೇ? ಆಮೇಲೆ ಗೋಡೆಗೆ ಕೈಯಿಟ್ಟು ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಲು ಹೇಳುತ್ತೇನೆ. ಸರಿಯಿರುವ ಪಾದದಲ್ಲಿ ಹಿಮ್ಮಡಿ ಮೇಲೇಳುವಾಗ ತುಸು ಒಳಕ್ಕೆ ತಿರುಗುತ್ತದೆ, ಕಮಾನು ಎದ್ದು ಕಾಣುತ್ತದೆ. ಹಿಮ್ಮಡಿ ಏಳದಿದ್ದರೆ, ಅಥವಾ ಒಳಕ್ಕೆ ತಿರುಗದೆ ಹಾಗೆಯೇ ಉಳಿದರೆ, ಒಳಹರಡಿನ ಹಿಂದೆ ಇಳಿದು ಪಾದದ ಕಮಾನನ್ನು ಹಿಡಿದೆತ್ತುವ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುರಜ್ಜು ಸೋತಿದೆ ಎಂಬ ಶಂಕೆ ಬಲವಾಗುತ್ತದೆ. ವಯಸ್ಕರಲ್ಲಿ ಹೊಸದಾಗಿ ಒಂದೇ ಪಾದ ಚಪ್ಪಟೆಯಾಗುತ್ತಾ ಹೋಗಲು ಇದು ಮುಖ್ಯ ಕಾರಣ. ಯಾವ ಯಂತ್ರವೂ ಬೇಕಿಲ್ಲದ ಈ ಅರ್ಧ ನಿಮಿಷದ ಪರೀಕ್ಷೆಯನ್ನು ಮಾಡದೆಯೇ ಎಷ್ಟೋ ಜನ ವರ್ಷಗಟ್ಟಲೆ "ಹರಡಿನ ಉಳುಕು" ಎಂಬ ಹೆಸರಿನಲ್ಲಿ ಪಟ್ಟಿ ಸುತ್ತಿಕೊಂಡು ನರಳುತ್ತಾರೆ. ನನಗೆ ಇದು ಸಹಿಸಲಾಗದ ವಿಷಯ.

ಕೊನೆಗೆ ನಾಡಿ, ಸ್ಪರ್ಶಜ್ಞಾನ, ಸ್ನಾಯುಗಳ ಬಲ, ಮೇಲಿನ ಕೀಲುಗಳ ಚಲನೆ. ನೋವು ಪಾದದಲ್ಲಿದ್ದರೂ ಮಂಡಿ, ಸೊಂಟ, ಬೆನ್ನನ್ನು ನೋಡದೆ ಪರೀಕ್ಷೆ ಮುಗಿಯುವುದಿಲ್ಲ.

ಕಾಲು ಉಳುಕಿದೆ. ಎಕ್ಸ್‌ರೇ ಬೇಕೇ ಬೇಡವೇ?

ಇದಕ್ಕೆ ಒಳ್ಳೆಯ ಉತ್ತರವಿದೆ. ಕೆನಡಾದ ಒಟ್ಟಾವಾದಲ್ಲಿ ವೈದ್ಯ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇಂದಿಗೂ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಬಳಕೆಯಲ್ಲಿವೆ.

ಹರಡಿನ ಎರಡೂ ಬದಿಯಲ್ಲಿ ಉಬ್ಬಿರುವ ಮೂಳೆಗಳಿವೆಯಲ್ಲ, ಅವುಗಳ ತುದಿಯನ್ನು ಮತ್ತು ಹಿಂಬದಿಯ ಅಂಚನ್ನು ಕೆಳಗಿನಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಒತ್ತಿ ನೋಡಬೇಕು. ಮೂಳೆಯ ಮೇಲೆಯೇ ನೋವಿದ್ದರೆ ಹರಡಿನ ಎಕ್ಸ್‌ರೇ ಬೇಕು. ಪಾದದ ನಡುಭಾಗದಲ್ಲಿ ನೋವಿದ್ದಾಗ ಎರಡು ಜಾಗಗಳು ಮುಖ್ಯ: ಒಳಬದಿಯ ನೇವಿಕ್ಯುಲರ್ ಎಂಬ ದೋಣಿಯಾಕಾರದ ಮೂಳೆ, ಹೊರಬದಿಯಲ್ಲಿ ಕಿರುಬೆರಳಿನ ಸಾಲಿನ ಉದ್ದ ಮೂಳೆಯಾದ ಐದನೇ ಮೆಟಾಟಾರ್ಸಲ್‌ನ ಬುಡ. ಅಲ್ಲಿ ಒತ್ತಿದರೆ ನೋಯುತ್ತಿದ್ದರೆ ಪಾದದ ಎಕ್ಸ್‌ರೇ ಬೇಕು. ಇವೆಲ್ಲ ಸರಿಯಿದ್ದರೂ, ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿನಲ್ಲಿ ಎರಡೂ ಬಾರಿ ನಾಲ್ಕು ಹೆಜ್ಜೆ ಹಾಕಲು ಆಗದಿದ್ದರೆ ಆಗಲೂ ಬೇಕು. ಕುಂಟುತ್ತಾ ಇಟ್ಟರೂ ಹೆಜ್ಜೆ ಹೆಜ್ಜೆಯೇ. ಇವು ಯಾವುವೂ ಇಲ್ಲದಿದ್ದರೆ ಗಮನಾರ್ಹ ಮುರಿತ ಇರುವ ಸಾಧ್ಯತೆ ತೀರಾ ಕಡಿಮೆ.

ಈ ನಿಯಮಗಳು ಎಲ್ಲರಿಗೂ ಹೊಂದುವುದಿಲ್ಲ. ಮಧುಮೇಹದಿಂದ ಪಾದದ ಸ್ಪರ್ಶ ಕಳೆದುಕೊಂಡವರು, ಅಮಲಿನಲ್ಲಿರುವವರು, ನೋವನ್ನು ಹೇಳಿಕೊಳ್ಳಲಾಗದ ಪುಟ್ಟ ಮಕ್ಕಳು, ಇಂಥವರಲ್ಲಿ "ಒತ್ತಿದರೆ ನೋವಿಲ್ಲ" ಎಂಬ ಉತ್ತರವನ್ನು ನಂಬಿ ಕೂರುವಂತಿಲ್ಲ.

ಒಂದು ಮಾತು ಸೇರಿಸುತ್ತೇನೆ. ಹರಡು ತಿರುಚಿದಾಗ ಕೈ ಮಂಡಿಯ ಹೊರಬದಿಯವರೆಗೂ ಹೋಗಬೇಕು. ಹರಡಿನ ಒಳಬದಿಯಲ್ಲಿ ಆದ ಪೆಟ್ಟಿನ ಬಲ ಕೆಳಗಾಲಿನ ಎರಡು ಮೂಳೆಗಳ ನಡುವಿನ ಪೊರೆಯನ್ನು ಸೀಳಿಕೊಂಡು ಹೋಗಿ, ಮಂಡಿಯ ಹತ್ತಿರ ಅವುಗಳಲ್ಲಿ ತೆಳ್ಳನೆಯದಾದ ಫಿಬುಲಾ ಮೂಳೆಯನ್ನು ಮುರಿಯುವುದುಂಟು. ಹರಡಿನ ಎಕ್ಸ್‌ರೇಯಲ್ಲಿ ಆ ಮುರಿತ ಬರುವುದೇ ಇಲ್ಲ.

ಊತ ಇಳಿಯುವ ಮೊದಲೇ ಅಸ್ಥಿರಜ್ಜು ಹರಿದಿದೆಯೇ ಎಂದು ಹೇಳಬಹುದೇ?

ಕಷ್ಟ. ಮೊದಲ ದಿನ ಊತ, ನೋವು, ಸ್ನಾಯುಗಳ ಬಿಗಿತ ಎಲ್ಲವೂ ಸೇರಿ ಪರೀಕ್ಷೆಯನ್ನು ಮಸುಕು ಮಾಡುತ್ತವೆ. ನಾಲ್ಕೈದು ದಿನ ಬಿಟ್ಟು ಮತ್ತೆ ನೋಡಿದರೆ ಕೀಲು ಎಷ್ಟು ಸಡಿಲವಾಗಿದೆ ಎಂಬುದು ಚೆನ್ನಾಗಿ ಗೊತ್ತಾಗುತ್ತದೆ. ಆದ್ದರಿಂದ ಮತ್ತೆ ಬನ್ನಿ ಎಂದರೆ ತಪ್ಪದೆ ಹೋಗಿ.

ಎಕ್ಸ್‌ರೇಯನ್ನು ನಿಂತುಕೊಂಡೇ ತೆಗೆಸಬೇಕು ಎನ್ನುತ್ತಾರಲ್ಲ, ಯಾಕೆ?

ಪಾದ ಕೆಲಸ ಮಾಡುವುದು ಭಾರ ಹೊತ್ತಾಗ. ಮಲಗಿ ತೆಗೆಸಿದ ಚಿತ್ರದಲ್ಲಿ ಕಮಾನು ಕುಸಿದಿರುವುದಿಲ್ಲ, ಸವೆದ ಮಂಡಿಯ ಮೂಳೆಗಳ ನಡುವೆಯೂ ಅಂತರ ಇರುವಂತೆ ಕಾಣುತ್ತದೆ. ಹೆಬ್ಬೆರಳು ಪಕ್ಕಕ್ಕೆ ವಾಲಿದ ಕೋನವನ್ನು ಅಳೆಯಲೂ ನಿಂತ ಚಿತ್ರವೇ ಬೇಕು. ಆ ಕೋನ 15 ಡಿಗ್ರಿ ಮೀರಿದರೆ ಸಾಮಾನ್ಯವಲ್ಲವೆಂದು ಎಣಿಸುತ್ತೇವೆ.

ಕಳವಳ ತರುವ ಉದಾಹರಣೆಯೆಂದರೆ ಪಾದದ ನಡುಭಾಗದ ಲಿಸ್‌ಫ್ರಾಂಕ್ ಗಾಯ. ನೆಪೋಲಿಯನ್ ಕಾಲದ ಫ್ರೆಂಚ್ ಶಸ್ತ್ರಚಿಕಿತ್ಸಕರ ಹೆಸರು ಅದಕ್ಕೆ ಬಂದಿದೆ. ಮೊದಲನೇ ಮತ್ತು ಎರಡನೇ ಬೆರಳಿನ ಸಾಲುಗಳ ಬುಡವನ್ನು ಹಿಡಿದಿಡುವ ಅಸ್ಥಿರಜ್ಜು ಹರಿದಾಗ, ಮಲಗಿ ತೆಗೆದ ಎಕ್ಸ್‌ರೇಯಲ್ಲಿ ಎಲ್ಲವೂ ತಮ್ಮ ತಮ್ಮ ಜಾಗದಲ್ಲೇ ಇರುವಂತೆ ಕಾಣಬಹುದು. ಮೈಭಾರ ಬಿದ್ದಾಗ ಆ ಮೂಳೆಗಳು ಒಂದಕ್ಕೊಂದು ದೂರ ಸರಿಯುತ್ತವೆ. 2 ಮಿಲಿಮೀಟರ್‌ಗಿಂತ ಹೆಚ್ಚಿನ ಅಂತರವೂ ಅನುಮಾನಕ್ಕೆ ಸಾಕು. ಪೆಟ್ಟಾದ ಮರುದಿನ ಅಂಗಾಲಿನ ನಡುವೆ ನೀಲಿಗಟ್ಟಿದ್ದರೆ ಈ ಗಾಯವನ್ನು ನೆನೆಯಲೇಬೇಕು. ಇನ್ನೊಂದು ಪಾದದ ಚಿತ್ರವನ್ನೂ ಜತೆಗೆ ತೆಗೆಸಿದರೆ ಹೋಲಿಸಿ ನೋಡಬಹುದು. ಇದು ಕೈತಪ್ಪಿದರೆ ಪಾದದ ನಡುಕೀಲುಗಳು ಸವೆದು ಜೀವನಪೂರ್ತಿ ನೋವು ಉಳಿಯಬಹುದು.

ಎಕ್ಸ್‌ರೇ ಸರಿಯಾಗಿದೆ ಎಂದರು. ನೋವು ಮಾತ್ರ ಹೋಗಿಲ್ಲ. ಯಾಕೆ?

ಎಕ್ಸ್‌ರೇ ಮೂಳೆಯ ಸುಣ್ಣದಂಶವನ್ನು ಕಾಣುತ್ತದೆ. ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಯನ್ನು ಹೊದ್ದಿರುವ ನುಣುಪು ಪದರ), ರಜ್ಜು, ನರ ಅದಕ್ಕೆ ಕಾಣುವುದಿಲ್ಲ. ಮೂಳೆಯ ಒಳಗಾಯವೂ ಎಷ್ಟೋ ಬಾರಿ ಕಾಣುವುದಿಲ್ಲ.

1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹೌಪ್ಟ್ ದೂರದ ನಡಿಗೆಯ ಬಳಿಕ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ವರ್ಣಿಸಿದರು. ಎಕ್ಸ್‌ರೇ ಬಂದದ್ದೇ ಅದಾಗಿ 40 ವರ್ಷಗಳ ಮೇಲೆ, 1895ರಲ್ಲಿ. ಆ ಊತದೊಳಗೆ ಮೆಟಾಟಾರ್ಸಲ್ ಮೂಳೆಯ ಬಿರುಕು ಇತ್ತೆಂಬುದು ಆಮೇಲೆ ತಿಳಿಯಿತು. ಒಂದೇ ಪೆಟ್ಟಿಗೆ ಆಗುವ ಮುರಿತವಲ್ಲ ಇದು. ಒಂದೇ ಒತ್ತಡ ಸಾವಿರಾರು ಬಾರಿ ಬಿದ್ದು, ಮೂಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ವೇಗಕ್ಕಿಂತ ಸವೆತ ಮುಂದೆ ಹೋದಾಗ ಆಗುವ ಬಿರುಕು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದು ಸಾಮಾನ್ಯ. ಹೊಸ ಮೂಳೆ ಕಟ್ಟತೊಡಗಿದ ಮೇಲೆ ಅದು ಮೋಡದಂತೆ ತೋರುತ್ತದೆ. ಎಂಆರ್‌ಐ ಆದರೆ ಮೂಳೆಯೊಳಗಿನ ನೀರಿನಂಶ ಹೆಚ್ಚಿದ್ದನ್ನು ಆರಂಭದಲ್ಲೇ ಹಿಡಿಯುತ್ತದೆ.

ಹಾಗೆಂದು ಎಲ್ಲ ಬಿರುಕಿಗೂ ಎಂಆರ್‌ಐ ಬೇಕಿಲ್ಲ. ಎರಡನೇ ಮೆಟಾಟಾರ್ಸಲ್‌ನ ನಡುವಿನ ಬಿರುಕೆಂದು ಅನುಮಾನವಿದ್ದರೆ ವಿಶ್ರಾಂತಿ ಕೊಟ್ಟು ಮೂರು ವಾರಕ್ಕೆ ಎಕ್ಸ್‌ರೇ ಮತ್ತೆ ತೆಗೆಸಿದರೂ ನಡೆಯುತ್ತದೆ. ಕೆಲವು ಜಾಗಗಳಲ್ಲಿ ಮಾತ್ರ ಕಾಯಬಾರದು: ತೊಡೆಮೂಳೆಯ ಕುತ್ತಿಗೆ, ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯ ಮುಂಭಾಗ, ನೇವಿಕ್ಯುಲರ್, ಐದನೇ ಮೆಟಾಟಾರ್ಸಲ್‌ನ ಬುಡಕ್ಕಿಂತ ತುಸು ಮುಂದಿನ ಭಾಗ. ಇಲ್ಲಿ ಬಿರುಕು ಪೂರ್ತಿ ಮುರಿತವಾಗುವ ಇಲ್ಲವೇ ಕೂಡಿಕೊಳ್ಳದೆ ಉಳಿಯುವ ಅಪಾಯ ಹೆಚ್ಚು. ಕೊನೆಯದಕ್ಕೆ ಬ್ರಿಟನ್ನಿನ ಶಸ್ತ್ರಚಿಕಿತ್ಸಕ ರಾಬರ್ಟ್ ಜೋನ್ಸ್ ಅವರ ಹೆಸರಿದೆ. ನರ್ತಿಸುವಾಗ ತಮ್ಮದೇ ಪಾದಕ್ಕಾದ ಮುರಿತವನ್ನು ಅವರು 1902ರಲ್ಲಿ ದಾಖಲಿಸಿದರು. ಅದೇ ಮೂಳೆಯ ತುದಿ ಕಿತ್ತು ಬಂದರೆ ಸಾಮಾನ್ಯವಾಗಿ ಸುಲಭವಾಗಿ ವಾಸಿಯಾಗುತ್ತದೆ. ಒಂದೆರಡು ಸೆಂಟಿಮೀಟರ್ ಮುಂದೆ ಮುರಿದರೆ ರಕ್ತಸಂಚಾರ ಕಡಿಮೆಯಿರುವುದರಿಂದ ಕೂಡಿಕೊಳ್ಳಲು ಹೆಣಗುತ್ತದೆ.

ಮಂಡಿಯಿಂದ ಹರಡಿನವರೆಗಿನ ಮುಂದಿನ ಮೂಳೆ ನೋಯುವ ಓಟಗಾರರಿಗೆ ಬೆರಳಿನ ಪರೀಕ್ಷೆ ಇಲ್ಲೂ ನೆರವಾಗುತ್ತದೆ. ಒಳ ಅಂಚಿನುದ್ದಕ್ಕೂ ಅಂಗೈ ಅಗಲದಷ್ಟು ಹರಡಿದ ನೋವಾದರೆ ಮೂಳೆಯ ಹೊರಪೊರೆಯ ಒತ್ತಡ ಇರಬಹುದು. ನಾಣ್ಯದಗಲದ ಒಂದೇ ಜಾಗದಲ್ಲಿ ಚುರುಕ್ಕೆನ್ನುವ ನೋವಾದರೆ ಬಿರುಕನ್ನು ಶಂಕಿಸಬೇಕು.

ಹಿಮ್ಮಡಿಯಲ್ಲಿ ಮುಳ್ಳು ಬೆಳೆದಿದೆ ಎಂದಿದ್ದಾರೆ. ಅದನ್ನು ತೆಗೆಸಬೇಕೇ?

ನೋವಿಗೆ ಆ ಮುಳ್ಳು ಕಾರಣವಾಗಿರುವುದು ವಿರಳ. ನೋವೇ ಇಲ್ಲದ ಎಷ್ಟೋ ಹಿಮ್ಮಡಿಗಳಲ್ಲಿ ಅದು ಇರುತ್ತದೆ, ವಿಪರೀತ ನೋಯುವ ಎಷ್ಟೋ ಹಿಮ್ಮಡಿಗಳಲ್ಲಿ ಇರುವುದಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಟ್ಟ ಮೊದಲ ಹೆಜ್ಜೆಗೆ ಹಿಮ್ಮಡಿಯ ಒಳ ಅಂಚಿನಲ್ಲಿ ಚುಚ್ಚಿ, ಹತ್ತು ಹೆಜ್ಜೆ ನಡೆದ ಮೇಲೆ ಹಗುರವಾಗುವ ನೋವು ಅಂಗಾಲಿನ ದಪ್ಪ ಪೊರೆಯದು. ಪ್ಲಾಂಟರ್ ಫ್ಯಾಸಿಯೈಟಿಸ್ ಎಂದು ವರದಿಗಳಲ್ಲಿ ಬರೆಯುವುದು ಇದನ್ನೇ. ಇದನ್ನು ಗುರುತಿಸಲು ಸ್ಕ್ಯಾನ್ ಬೇಕಿಲ್ಲ. ತಿಂಗಳುಗಟ್ಟಲೆ ಚಿಕಿತ್ಸೆಗೆ ಬಗ್ಗದಿದ್ದರೆ ಅಲ್ಟ್ರಾಸೌಂಡ್ ಮಾಡಿ ಪೊರೆಯ ದಪ್ಪ ಅಳೆಯುತ್ತೇವೆ. 4 ಮಿಲಿಮೀಟರ್ ಮೀರಿದ್ದರೆ ಶಂಕೆಗೆ ಬಲ ಬರುತ್ತದೆ.

ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಗಳಿಂದ ಹಿಸುಕಿದಾಗ ನೋಯುತ್ತಿದ್ದರೆ ವಿಷಯ ಬೇರೆ. ಆಗ ಹಿಮ್ಮಡಿ ಮೂಳೆಯ ಬಿರುಕನ್ನು ಹುಡುಕಬೇಕು.

ಅಲ್ಟ್ರಾಸೌಂಡ್ ಹೊಟ್ಟೆಗಲ್ಲವೇ? ಕಾಲಿಗೂ ಮಾಡುತ್ತಾರೆಯೇ?

ಮಾಡುತ್ತಾರೆ, ಚೆನ್ನಾಗಿಯೂ ಕಾಣುತ್ತದೆ. ಚರ್ಮದ ಕೆಳಗೇ ಇರುವ ರಜ್ಜುಗಳು, ಕೀಲಿನ ನೀರು, ಬೆರಳುಗಳ ನಡುವೆ ನರ ದಪ್ಪಗಾಗುವ ಮಾರ್ಟನ್ ನ್ಯೂರೋಮಾ ಇವಕ್ಕೆಲ್ಲ ಇದು ಒಳ್ಳೆಯ ಸಾಧನ. ಪಾದವನ್ನು ಆಡಿಸುತ್ತಲೇ ನೋಡಬಹುದು, ನೋಯುವ ಜಾಗದ ಮೇಲೆಯೇ ಯಂತ್ರದ ತುದಿಯಿಟ್ಟು "ಇಲ್ಲೇನಾ?" ಎಂದು ಕೇಳಬಹುದು. ಬೇರೆ ಯಾವ ಸ್ಕ್ಯಾನ್‌ಗೂ ಈ ಗುಣವಿಲ್ಲ. ಮಾಡುವವರ ಕೈಚಳಕವನ್ನು ಬಹಳ ಅವಲಂಬಿಸಿದೆ ಎಂಬುದೂ, ಮೂಳೆಯ ಒಳಗನ್ನು ತೋರಿಸದು ಎಂಬುದೂ ಅದರ ಮಿತಿಗಳು.

ಹಿಮ್ಮಡಿಯ ಹಿಂದಿನ ಅಕಿಲಿಸ್ ರಜ್ಜು ಹರಿದವರು ಒಂದೇ ರೀತಿ ಹೇಳುತ್ತಾರೆ: "ಹಿಂದಿನಿಂದ ಯಾರೋ ಒದ್ದಂತಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ." ಅವರನ್ನು ಬೋರಲು ಮಲಗಿಸಿ, ಪಾದ ಮಂಚದಂಚಿನಿಂದ ಹೊರಗೆ ತೂಗುವಂತೆ ಬಿಟ್ಟು, ಮೀನಖಂಡವನ್ನು ಹಿಸುಕಬೇಕು. ರಜ್ಜು ಸರಿಯಿದ್ದರೆ ಪಾದ ತಾನಾಗಿ ಕೆಳಕ್ಕೆ ಬಾಗುತ್ತದೆ. ಹರಿದಿದ್ದರೆ ಅಲುಗುವುದಿಲ್ಲ. "ಪಾದ ಕೆಳಕ್ಕೆ ಒತ್ತಲು ಬರುತ್ತದೆ, ಹಾಗಾಗಿ ಹರಿದಿಲ್ಲ" ಎಂದುಕೊಳ್ಳಬೇಡಿ. ಬೆರಳುಗಳನ್ನು ಮಡಚುವ ಸ್ನಾಯುಗಳೂ ಆ ಕೆಲಸವನ್ನು ಸ್ವಲ್ಪ ಮಾಡಬಲ್ಲವು.

ಸಿಟಿ ಸ್ಕ್ಯಾನ್ ಯಾವಾಗ, ಎಂಆರ್‌ಐ ಯಾವಾಗ?

ಮುರಿದ ಮೂಳೆಯ ತುಂಡುಗಳು ಹೇಗೆ ಕೂತಿವೆ, ಕೀಲಿನ ಮೇಲ್ಮೈ ಎಷ್ಟು ಕುಸಿದಿದೆ, ಮುರಿತ ಕೂಡಿದೆಯೇ ಎಂದು ತಿಳಿಯಲು ಸಿಟಿ. ಮೃದ್ವಸ್ಥಿ, ಅಸ್ಥಿರಜ್ಜು, ಮಜ್ಜೆ, ಸೋಂಕು, ಗಡ್ಡೆ ಇವಕ್ಕೆ ಎಂಆರ್‌ಐ. ಉಳುಕು ಆಗಿ ತಿಂಗಳುಗಳಾದರೂ ಹರಡಿನ ಆಳದಲ್ಲಿ ನೋವು, ಕೀಲು ಸಿಕ್ಕಿಕೊಂಡಂತಾಗುವುದು ಇದ್ದರೆ ಹರಡಿನ ಕೀಲಿನ ಕೆಳಭಾಗವಾದ ಟೇಲಸ್ ಮೂಳೆಯ ಮೃದ್ವಸ್ಥಿಗೆ ಗಾಯವಾಗಿರಬಹುದು. ಅಲ್ಲಿ ಎಂಆರ್‌ಐ ಕೇಳುವುದು ಸರಿಯೇ.

ವಿಕಿರಣದ ಭಯವಿದೆ. ಎಷ್ಟು ಅಪಾಯ?

ಪಾದದ ಒಂದು ಎಕ್ಸ್‌ರೇಯಿಂದ ಬರುವ ವಿಕಿರಣ ಸುಮಾರು 0.001 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಹಜವಾಗಿಯೇ ಸಿಗುತ್ತದೆ. ಲೆಕ್ಕ ಹಾಕಿದರೆ ಪಾದದ ಎಕ್ಸ್‌ರೇ ಕೆಲವೇ ಗಂಟೆಗಳ ಸಹಜ ವಿಕಿರಣಕ್ಕೆ ಸಮ. ಸಿಟಿಯಲ್ಲಿ ಹೆಚ್ಚು, ಆದರೆ ಪಾದದ ಸಿಟಿ ಹೊಟ್ಟೆಯದಕ್ಕಿಂತ ಬಹಳ ಕಡಿಮೆ. ಎಂಆರ್‌ಐ ಮತ್ತು ಅಲ್ಟ್ರಾಸೌಂಡ್‌ಗಳಲ್ಲಿ ಎಕ್ಸ್‌ ಕಿರಣಗಳೇ ಇಲ್ಲ. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ.

1920ರ ದಶಕದಿಂದ ಕೆಲವು ದಶಕಗಳ ಕಾಲ ಅಮೆರಿಕ, ಯೂರೋಪಿನ ಶೂ ಅಂಗಡಿಗಳಲ್ಲಿ ಎಕ್ಸ್‌ರೇ ಪೆಟ್ಟಿಗೆಗಳಿದ್ದವು. ಮಕ್ಕಳು ಅದರೊಳಗೆ ಪಾದವಿಟ್ಟು, ಹೊಸ ಶೂ ಒಳಗೆ ತಮ್ಮ ಬೆರಳ ಮೂಳೆಗಳು ಆಡುವುದನ್ನು ನೋಡುತ್ತಿದ್ದರು. ಶೂ ಅಳತೆಗೆ ಅದರ ಅಗತ್ಯವೇ ಇರಲಿಲ್ಲ. ಪ್ರಮಾಣ ಎಷ್ಟೇ ಇರಲಿ, ಅಗತ್ಯವಿದೆಯೇ ಎಂದು ಮೊದಲು ಕೇಳುವ ಅಭ್ಯಾಸ ಒಳ್ಳೆಯದು.

ಕಾಲಿನಲ್ಲಿ ಲೋಹದ ಪ್ಲೇಟ್ ಇದೆ. ಎಂಆರ್‌ಐ ಮಾಡಬಹುದೇ?

ಮೂಳೆಗೆ ಹಾಕುವ ಇಂದಿನ ಪ್ಲೇಟ್, ಸ್ಕ್ರೂಗಳಲ್ಲಿ ಹೆಚ್ಚಿನವಕ್ಕೆ ಅಡ್ಡಿಯಿಲ್ಲ, ಸುತ್ತಲಿನ ಚಿತ್ರ ಮಸುಕಾಗಬಹುದು ಅಷ್ಟೆ. ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಸಾಧನ, ಕಣ್ಣಿನಲ್ಲಿ ಲೋಹದ ಚೂರು ಇದ್ದರೆ ಒಳಗೆ ಹೋಗುವ ಮೊದಲೇ ಹೇಳಲೇಬೇಕು.

ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿಕೊಂಡಿದೆ. ಯೂರಿಕ್ ಆಮ್ಲ ಸರಿಯಾಗಿದೆ ಎಂದು ಬಂದಿದೆ. ಗೌಟ್ (ಯೂರಿಕ್ ಆಮ್ಲದ ಹರಳು ಕೀಲಿನಲ್ಲಿ ಸೇರಿ ಬರುವ ಸಂಧಿವಾತ) ಅಲ್ಲವೇ?

ಆಗಿರಬಹುದು. ನೋವು ಭುಗಿಲೆದ್ದ ದಿನಗಳಲ್ಲಿ ರಕ್ತದ ಯೂರಿಕ್ ಆಮ್ಲ ಸಾಮಾನ್ಯ ಮಟ್ಟದಲ್ಲಿರುವುದುಂಟು. ಕೀಲಿನ ನೀರನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ಸೂಜಿಯಾಕಾರದ ಹರಳುಗಳನ್ನು ಕಾಣುವುದೇ ಖಚಿತ ದಾರಿ. ಅದೇ ನೀರಿನಿಂದ ಸೋಂಕಿದೆಯೇ ಎಂದೂ ತಿಳಿಯುತ್ತದೆ. ಆರಂಭದ ವರ್ಷಗಳಲ್ಲಿ ಎಕ್ಸ್‌ರೇ ಸಾಮಾನ್ಯವಾಗಿಯೇ ಇರುತ್ತದೆ.

ಮಧುಮೇಹವಿದೆ. ಪಾದ ಊದಿ ಬಿಸಿಯಾಗಿದೆ, ನೋವು ಅಷ್ಟಾಗಿ ಇಲ್ಲ. ಕಾಯಬಹುದೇ?

ದಯವಿಟ್ಟು ಕಾಯಬೇಡಿ. ನೋವಿಲ್ಲ ಎಂಬುದೇ ಇಲ್ಲಿ ಆತಂಕದ ಸಂಗತಿ. ನರಗಳು ಸ್ಪರ್ಶ ಕಳೆದುಕೊಂಡ ಪಾದದಲ್ಲಿ ಮೂಳೆಗಳು ಮುರಿಯುತ್ತಾ, ಕೀಲುಗಳು ಜಾರುತ್ತಾ ಹೋದರೂ ಆ ವ್ಯಕ್ತಿ ಅದರ ಮೇಲೆಯೇ ನಡೆಯುತ್ತಿರುತ್ತಾರೆ. ಇದಕ್ಕೆ ಶಾರ್ಕೋ ಪಾದವೆಂದು ಹೆಸರು. ಕೈಯ ಹಿಂಬದಿಯಿಂದ ಎರಡೂ ಪಾದಗಳನ್ನು ಮುಟ್ಟಿ ನೋಡಿ. ಒಂದು ಎದ್ದು ಕಾಣುವಷ್ಟು ಬಿಸಿಯಿದ್ದರೆ, ಥರ್ಮಾಮೀಟರ್‌ನಲ್ಲಿ 2 ಡಿಗ್ರಿ ಸೆಲ್ಸಿಯಸ್‌ನಷ್ಟು ವ್ಯತ್ಯಾಸವಿದ್ದರೆ, ಬೇರೆ ಕಾರಣ ಸಾಬೀತಾಗುವವರೆಗೂ ಅದನ್ನು ಶಾರ್ಕೋ ಎಂದೇ ತಿಳಿದು ಪಾದದ ಮೇಲೆ ಭಾರ ಬೀಳದಂತೆ ಮಾಡಬೇಕು. ಆರಂಭದ ಎಕ್ಸ್‌ರೇ ಪೂರ್ತಿ ಸಾಮಾನ್ಯವಾಗಿರಬಹುದು. ಆ ವರದಿಯನ್ನು ನಂಬಿ ನಡೆದಾಡಿದ ಕೆಲವು ವಾರಗಳಲ್ಲಿ ಕಮಾನು ಕುಸಿದು ಅಂಗಾಲು ಉಬ್ಬಿಬಿಡುತ್ತದೆ. ಎಂಆರ್‌ಐ ಬೇಗ ಮಾಡಿಸಬೇಕಾದ ಸಂದರ್ಭ ಇದು.

ಹುಣ್ಣಿದ್ದರೆ ಮೂಳೆಗೆ ಸೋಂಕು ತಗಲಿದೆಯೇ ಎಂಬ ಪ್ರಶ್ನೆಯೂ ಬರುತ್ತದೆ. ಶುದ್ಧೀಕರಿಸಿದ ಲೋಹದ ಕಡ್ಡಿಯನ್ನು ಹುಣ್ಣಿನೊಳಗೆ ಮೆಲ್ಲನೆ ಬಿಟ್ಟಾಗ ಗಟ್ಟಿ ಮೂಳೆ ತಾಕಿದರೆ ಶಂಕೆ ಬಲವಾಗುತ್ತದೆ. ಎಕ್ಸ್‌ರೇಯಲ್ಲಿ ಅದರ ಗುರುತು ಮೂಡಲು ಎರಡು ವಾರ ಹಿಡಿಯಬಹುದು.

ಮಗು ಮಂಡಿ ನೋವೆಂದು ಕುಂಟುತ್ತಿದೆ. ಮಂಡಿಯ ಎಕ್ಸ್‌ರೇ ಸರಿಯಾಗಿದೆ.

ಸೊಂಟದ ಕೀಲನ್ನು ನೋಡಿದ್ದಾರೆಯೇ ಎಂದು ಕೇಳಿ. ಸೊಂಟದ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದು ಮಕ್ಕಳಲ್ಲಿ ಬಹಳ ಸಾಮಾನ್ಯ. ಹದಿಹರೆಯದ ಹೊಸ್ತಿಲಲ್ಲಿ ತೊಡೆಮೂಳೆಯ ತಲೆ ಬೆಳವಣಿಗೆಯ ತಟ್ಟೆಯ ಬಳಿ ಜಾರುವ ರೋಗವಿದೆ. ಮಲಗಿಸಿ ತೊಡೆಯನ್ನು ಮಡಚಿದಾಗ ಕಾಲು ತಾನಾಗಿ ಹೊರಕ್ಕೆ ತಿರುಗಿದರೆ ಸುಳಿವು ಸಿಕ್ಕಂತೆ. ನೇರ ಎಕ್ಸ್‌ರೇಯಲ್ಲಿ ಕಾಣದ್ದು ಪಕ್ಕದಿಂದ ತೆಗೆದ ಚಿತ್ರದಲ್ಲಿ ಕಾಣುತ್ತದೆ. ತಡವಾದರೆ ಕೀಲು ಹಾಳಾಗುತ್ತದೆ. ಜ್ವರದ ಜತೆ ಮಗು ಕಾಲು ಊರಲು ಒಪ್ಪದಿದ್ದರೆ ಕೀಲಿನ ಸೋಂಕು ಇರಬಹುದು, ಆಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಸ್ಕ್ಯಾನ್‌ಗೆ ಕಾಯಲೇಬಾರದ ಸಂದರ್ಭಗಳು ಯಾವುವು?

ಪೆಟ್ಟಿನ ಬಳಿಕ ಕಾಲು ಕಲ್ಲಿನಂತೆ ಬಿಗಿದು, ಗಾಯಕ್ಕೆ ಹೋಲಿಸಿದರೆ ಅತಿಯೆನಿಸುವ ನೋವು ಏರುತ್ತಾ, ಬೆರಳನ್ನು ಇನ್ನೊಬ್ಬರು ಮೆಲ್ಲನೆ ಎಳೆದರೂ ಚೀರುವಂತಾದರೆ ಸ್ನಾಯುಗಳನ್ನು ಸುತ್ತುವರಿದ ಬಿಗಿ ಪೊರೆಯ ಒಳಗೆ ಒತ್ತಡ ಏರುತ್ತಿದೆ ಎಂದರ್ಥ. ಅದಕ್ಕೆ ಗಂಟೆಗಳ ಲೆಕ್ಕ. ನಾಡಿ ಇನ್ನೂ ಸಿಗುತ್ತಿದೆ ಎಂದು ಸುಮ್ಮನಿರುವಂತಿಲ್ಲ. ಪಾದ ತಣ್ಣಗಾಗಿ ಬಿಳುಪೇರಿದರೆ, ಮೂಳೆ ಚರ್ಮ ಸೀಳಿ ಹೊರಬಂದರೆ, ಕೀಲು ಊದಿ ಜ್ವರ ಬಂದರೆ ಕೂಡಲೇ ಹೊರಡಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದನ್ನು ಅದೇ ದಿನ ತೋರಿಸಬೇಕು. ಉಸಿರಾಟಕ್ಕೆ ತೊಂದರೆಯೂ ಸೇರಿದ್ದರೆ ಒಂದು ಕ್ಷಣವೂ ಕಾಯಬೇಡಿ.

ವರದಿಯ ಪದಗಳನ್ನು ಓದಿ ಭಯವಾಗುತ್ತದೆ.

ವರದಿ ಬರೆಯುವವರು ನಿಮ್ಮ ಪಾದವನ್ನು ಮುಟ್ಟಿರುವುದಿಲ್ಲ. ಕಂಡದ್ದನ್ನೆಲ್ಲ ದಾಖಲಿಸುವುದು ಅವರ ಕರ್ತವ್ಯ. "ಹೆಚ್ಚುವರಿ ಮೂಳೆ" ಎಂದಿದ್ದರೆ ಅದು ಹುಟ್ಟಿನಿಂದಲೂ ಅನೇಕರ ಪಾದದಲ್ಲಿರುವ ಪುಟ್ಟ ಮೂಳೆ. ಅಂಚು ನುಣುಪಾಗಿ, ದುಂಡಾಗಿ ಇದ್ದರೆ ಅದು ಹೊಸ ಮುರಿತವಲ್ಲ. "ಸವೆತದ ಬದಲಾವಣೆ" ಎಂಬುದು ವಯಸ್ಸಾದ ಕೀಲುಗಳಲ್ಲೆಲ್ಲ ಬರುವ ಸಾಲು. ಆ ಸಾಲು ಹೇಳುವ ಜಾಗವನ್ನು ವೈದ್ಯರು ಒತ್ತಿ ನೋಡಿದಾಗ ನಿಮ್ಮದೇ ನೋವು ಮರುಕಳಿಸುತ್ತದೆಯೇ ಎಂದು ಕೇಳಿ.

ಪರೀಕ್ಷೆಗೆ ಬರುವಾಗ ಏನು ತರಬೇಕು?

ದಿನವೂ ಹಾಕುವ ಹಳೆಯ ಶೂ ತನ್ನಿ. ಒರೆಸಿ ತರಬೇಡಿ, ಸವೆದ ಅಡಿಯೇ ಬೇಕು. ಹಳೆಯ ಎಕ್ಸ್‌ರೇಗಳು, ಔಷಧಿಗಳ ಪಟ್ಟಿ ಇರಲಿ. ಫ್ಲೋರೋಕ್ವಿನೊಲೋನ್ ಗುಂಪಿನ ಆ್ಯಂಟಿಬಯಾಟಿಕ್ (ಸಿಪ್ರೊಫ್ಲೊಕ್ಸಾಸಿನ್‌ನಂಥದ್ದು) ಇತ್ತೀಚೆಗೆ ತೆಗೆದುಕೊಂಡಿದ್ದರೆ ಹೇಳಿ, ಅವು ಅಕಿಲಿಸ್ ರಜ್ಜನ್ನು ದುರ್ಬಲಗೊಳಿಸಬಲ್ಲವು.

ಎಂಆರ್‌ಐಗೆ ಹೋಗುವ ದಿನ ನೋವು ಹೆಚ್ಚಿರುವ ಜಾಗವನ್ನು ಪೆನ್ನಿನಿಂದ ಗುರುತು ಮಾಡಿಕೊಂಡು ಹೋಗಿ, ತಂತ್ರಜ್ಞರಿಗೆ ತೋರಿಸಿ. ಅವರು ಅದರ ಮೇಲೆ ಎಣ್ಣೆ ತುಂಬಿದ ಪುಟ್ಟ ವಿಟಮಿನ್ ಗುಳಿಗೆಯನ್ನು ಅಂಟಿಸುವುದುಂಟು. ಚಿತ್ರದಲ್ಲಿ ಅದು ಹೊಳೆಯುವ ಚುಕ್ಕೆಯಾಗಿ ಮೂಡುತ್ತದೆ, ವರದಿ ಬರೆಯುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.